ಅರ್ಧ ಏಳುವ ಭಾವ

ಮೀನಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಸರಪಳಿಗೆ ಎಣ್ಣೆ ಬಿಡುತ್ತಿದ್ದಾಗ ಆ ಮಾತು ಅವನ ಕಿವಿಗೆ ಬಿತ್ತು. ತಗಡಿನ ಮೀನು ಅದು. ಮೂಗಿನ ಮೇಲೆ ಕನ್ನಡಕ, ಎದುರಿಗೆ ಪತ್ರಿಕೆ. ನೋಡಲು ಬಂದವರು ಗುಂಡಿ ಒತ್ತಿದರೆ ಒಂದು ಪುಟ ಮಗುಚಿ, ಓದಿದ್ದು ಹಿಡಿಸದೆ ಬಾಯಿ ಕಳೆದು, ಮತ್ತೆ ಹಳೆಯ ಪುಟಕ್ಕೇ ಬರುತ್ತಿತ್ತು. ಈಚೆಗೆ ಪುಟ ಮಗುಚುವಾಗ ತಡವರಿಸುತ್ತಿದೆ ಎಂದು ಪ್ರದರ್ಶನದ ಬಾಗಿಲು ತೆರೆಯುವ ಮೊದಲೇ ಬಂದು ಪೀಠದೊಳಗೆ ತೂರಿಕೊಂಡಿದ್ದ. ಪೀಠದ ಹಿಂದೆ ತೆಳು ಹಲಗೆಯ ಗೋಡೆ, ಗೋಡೆಯ ಆಚೆ ಟಿಕೆಟ್ ಕೊಡುವ ಕೋಣೆ. ಅಲ್ಲಿ ಕೂರುವವಳು ಅವನ ಹೆಂಡತಿ. ಅವಳ ಜೊತೆ ಮಾತಾಡುತ್ತಿದ್ದವನು ಅವಳ ಅಣ್ಣ, ಈ ಸಭಾಂಗಣದಲ್ಲಿ ಕುಣಿಯುವ, ಕೈ ಮುಗಿಯುವ, ಸೀನುವ ಬೊಂಬೆಗಳನ್ನೆಲ್ಲ ಮಾಡಿದ ಶಿಲ್ಪಿ.

"ಭಾವನ್ನ ತೆಗೆದುಬಿಡೋಣ ಅಂತಿದೀನಿ," ಎಂದ ಶಿಲ್ಪಿ.

"ಅವರಿಗೆ ಹೇಳಿದ್ಯಾ?"

"ಹೇಗೆ ಹೇಳ್ಲಿ? ಇಷ್ಟು ವರ್ಷ ನಡ್ಕೊಂಡು ಬಂತು. ಆದ್ರೆ ಜನ ನಗ್ತಾರೆ ನೋಡು, ನನಗೆ ತಡ್ಕೊಳಕ್ಕಾಗಲ್ಲ."

"ನೋಡಪ್ಪ, ಹೇಳೋದಾದ್ರೆ ನೀನೇ ಹೇಳು. ನನ್ನ ಮಧ್ಯಕ್ಕೆ ಎಳೀಬೇಡ."

ಅಷ್ಟರಲ್ಲಿ ಗುಡಿಸುವಾಕೆ ಎಲ್ಲಿಯೋ ಒಂದು ಸ್ವಿಚ್ಚು ಹಾಕಿದಳು. ಛತ್ರಿ ಬಿಚ್ಚುವ ಕಾಗೆ ಕರಕರ ಎಂದು ಶುರುವಾಗಿ ಮಿಕ್ಕ ಮಾತನ್ನು ನುಂಗಿಹಾಕಿತು. ಅವನು ಮೈಯೆಲ್ಲ ಕಿವಿಯಾಗಿ ಅಲ್ಲೇ ಬಿದ್ದಿದ್ದ. ಎಣ್ಣೆಯ ಒಂದು ಹನಿ ಸರಪಳಿಯಿಂದ ಜಾರಿ ಕೆನ್ನೆಯ ಮೇಲೆ ಬಿತ್ತು, ಒರೆಸಿಕೊಳ್ಳಲೂ ತೋಚಲಿಲ್ಲ. ತೆಗೆಯುವುದು ಎಂದರೆ ಏನು? ಹಲ್ಲು ತೆಗೆಯುತ್ತಾರೆ, ಕಸ ತೆಗೆಯುತ್ತಾರೆ, ಕೆಲಸದಿಂದಲೂ ತೆಗೆಯುತ್ತಾರೆ. ಭಾವ ಎಂದರೆ ಯಾವ ಭಾವ? ಬಾಗಿಲ ಬಳಿ ಕುರ್ಚಿಯಲ್ಲಿ ಕೂತ ಮರದ ಮನುಷ್ಯನ ಹೆಸರು ಭಾವ. ತಂಗಿಯ ಗಂಡನೆಂದು ಶಿಲ್ಪಿ ಅವನನ್ನು ಕರೆಯುವುದೂ ಭಾವ ಎಂದೇ. ಬೊಂಬೆಯ ಮಾತಾಗಿದ್ದರೆ ಭಾವವನ್ನು ತೆಗೆಯೋಣ ಎನ್ನಬೇಕಿತ್ತು, ಮರವನ್ನು, ಚಕ್ರವನ್ನು ಎನ್ನುವ ಹಾಗೆ. ಭಾವನ್ನ ಎಂದ. ಅದು ಮನುಷ್ಯರಿಗೆ ಹತ್ತುವ ಪ್ರತ್ಯಯ. ಶಾಲೆಯಲ್ಲಿ ವಿಭಕ್ತಿ ಒಪ್ಪಿಸಲಾರದೆ ಬೆಂಚಿನ ಮೇಲೆ ನಿಂತ ಆಸಾಮಿಗೆ ಈ ವಯಸ್ಸಿನಲ್ಲಿ, ಜಿಡ್ಡು ನೆಲದ ಮೇಲೆ ಅಂಗಾತ ಬಿದ್ದಾಗ, ದ್ವಿತೀಯಾ ವಿಭಕ್ತಿ ಚೆನ್ನಾಗಿ ಅರ್ಥವಾಯಿತು. ಪೀಠದಿಂದ ಹೊರಗೆ ಬರುವಾಗ ಮೀನಿನ ಬಾಲ ತಲೆಗೆ ಬಡಿಯಿತು.

ಬಾಗಿಲು ತೆರೆದರು. ಜನ ಬರತೊಡಗಿದರು. ಅವನು ಎಂದಿನಂತೆ ಎಣ್ಣೆಯ ಡಬ್ಬಿ, ಹಳೆ ಬಟ್ಟೆ, ಸೊಂಟಕ್ಕೆ ಸಿಕ್ಕಿಸಿದ ಸ್ಪ್ಯಾನರ್ ಸಮೇತ ಸಭಾಂಗಣದ ಉದ್ದಕ್ಕೂ ಓಡಾಡಿದ. ರಾಜನ ಕಿರೀಟವನ್ನು ಇಲಿ ಎತ್ತಿಕೊಂಡು ಹೋಗುವ ಬೊಂಬೆಯಲ್ಲಿ ಇಲಿಯನ್ನು ಎಳೆಯುವ ತಂತಿ ಸಡಿಲವಾಗಿತ್ತು, ಬಿಗಿದ. ಎರಡು ಮೋಡಗಳನ್ನು ಸೇರಿಸಿ ಹೊಲಿಯುವ ಮುದುಕಿಯ ಸೂಜಿ ಮೋಡದಲ್ಲೇ ಸಿಕ್ಕಿಕೊಂಡಿತ್ತು, ಬಿಡಿಸಿದ. ಗುಂಡಿ ಒತ್ತುವುದು ಎಂದರೆ ಗುದ್ದುವುದು ಎಂದುಕೊಂಡ ಮಕ್ಕಳನ್ನು ಗದರಿದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವನು ಎಂದೇ ಗುಡಿಸುವಾಕೆ ಅವನಿಗೆ ಎಣ್ಣೆ ಮೇಷ್ಟ್ರು ಎಂದು ಹೆಸರಿಟ್ಟಿದ್ದಳು. ಆ ಕಣ್ಣು ಇವತ್ತು ಯಂತ್ರಗಳ ಮೇಲಿರಲಿಲ್ಲ. ಟಿಕೆಟ್ ಕೋಣೆಯ ಕಿಟಕಿಯ ಮೇಲಿತ್ತು, ಹಿಂದುಗಡೆ ಶಿಲ್ಪಿಯ ಕೋಣೆಯ ಬಾಗಿಲ ಮೇಲಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಆ ಮರದ ಮನುಷ್ಯನ ಮೇಲಿತ್ತು.

ಭಾವ ಮಾಡುವ ಕೆಲಸ ಇಷ್ಟೇ. ಬಾಗಿಲೊಳಗೆ ಕಾಲಿಟ್ಟವರು ಒಂದು ಚಾಪೆಯ ಮೇಲೆ ನಿಲ್ಲುತ್ತಾರೆ, ಚಾಪೆಯ ಕೆಳಗಿನ ಸ್ವಿಚ್ಚು ಒತ್ತಿಕೊಳ್ಳುತ್ತದೆ. ಕುರ್ಚಿಯಲ್ಲಿ ಕೂತ ಮರದ ಮನುಷ್ಯ ಬೆಚ್ಚಿ ಬಿದ್ದವನ ಹಾಗೆ ಸೊಂಟ ಎತ್ತುತ್ತಾನೆ. ಪೂರ್ತಿ ಏಳುವುದಿಲ್ಲ. ಅರ್ಧಕ್ಕೆ ನಿಂತು, ಬಲಗೈಯನ್ನು ಕೋಟಿನ ಗುಂಡಿಗೆ ತಂದು, ಏಳಲೋ ಕೂರಲೋ ಎಂದು ಬಂದವರ ಮುಖ ನೋಡಿ, ಕುಂಯ್ ಎಂದು ಮತ್ತೆ ಕೂತುಬಿಡುತ್ತಾನೆ. ಜನ ಗೊಳ್ಳೆಂದು ನಗುತ್ತಾರೆ. ಪಕ್ಕದ ಹಲಗೆಯಲ್ಲಿ ಒಂದೇ ಪದ: ಭಾವ. ಓದಿಕೊಂಡವರು ತಲೆ ಓರೆ ಮಾಡಿ, ಇದು ಯಾವ ಭಾವ, ವಿನಯವೋ ಭಯವೋ ಎಂದು ಚರ್ಚೆಗೆ ನಿಲ್ಲುತ್ತಾರೆ. ಒಮ್ಮೆ ಒಬ್ಬ ಹಿರಿಯರು ಬೊಂಬೆಯ ಮೂಗಿಗೆ ಮೂಗು ತಾಗುವಷ್ಟು ಬಗ್ಗಿ, "ಹೆಸರು ಭಾವ, ಮುಖದಲ್ಲಿ ಮಾತ್ರ ಯಾವ ಭಾವಾನೂ ಇಲ್ಲವಲ್ರೀ" ಎಂದು ತೀರ್ಪು ಕೊಟ್ಟಿದ್ದರು. ಪತ್ರಿಕೆಯವರು ಕೇಳಿದಾಗ ಶಿಲ್ಪಿ, ಅದು ನೋಡುವವರಿಗೆ ಬಿಟ್ಟದ್ದು ಎಂದು ನಕ್ಕು ಜಾರಿಕೊಂಡಿದ್ದ. ಜಾರಿಕೊಳ್ಳದೆ ಏನು ಮಾಡಿಯಾನು, ಇವನು ನನ್ನ ತಂಗಿಯ ಗಂಡ ಎಂದು ಬಾಯಿಬಿಟ್ಟು ಹೇಳುವುದಕ್ಕಾಗುತ್ತದೆಯೇ?

ಯಾಕೆಂದರೆ ಅದು ತಾನೇ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮದುವೆಯಾದ ಹೊಸತರಲ್ಲಿ ಮಾವನ ಮನೆಯ ಹೊರಕೋಣೆಯಲ್ಲಿ ಹೀಗೇ ಒಂದು ಕುರ್ಚಿಯ ಮೇಲೆ ಅವನನ್ನು ಕೂರಿಸಿದ್ದರು. ಮಾವ ಬಚ್ಚಲಿಗೆ ಹೋಗುವಾಗ ಎದ್ದ. ಬಚ್ಚಲಿನಿಂದ ಬರುವಾಗ ಎದ್ದ. ಮರೆತ ಟವೆಲ್ಲಿಗೆಂದು ಮಾವ ಮತ್ತೆ ಹೋಗುವಾಗ ಏಳಬೇಕೋ ಬೇಡವೋ ತಿಳಿಯದೆ ಅರ್ಧಕ್ಕೇ ನಿಂತು, ಕೈಗೆ ಏನಾದರೂ ಕೆಲಸ ಬೇಕಲ್ಲ ಎಂದು ಕೋಟಿನ ಗುಂಡಿ ಹಾಕಿಕೊಂಡ. ಅದು ಆಗಲೇ ಹಾಕಿಯೇ ಇತ್ತು. ಪರದೆಯ ಹಿಂದೆ ಕಿಸಕ್ಕೆಂದದ್ದು ಕೇಳಿಸಿತು. ಅಲ್ಲಿ ಅವಳು ಇದ್ದಳು, ಅವಳ ಪಕ್ಕದಲ್ಲಿ ಅವಳ ಅಣ್ಣ ಇದ್ದ. ಅವನ ಕೈಯಲ್ಲಿ ಪೆನ್ಸಿಲ್ ಇತ್ತು ಎಂದು ಈಗ ಅನ್ನಿಸುತ್ತದೆ, ಮೊಣಕಾಲ ಮೇಲೆ ಒಂದು ಹಾಳೆಯೂ ಇತ್ತು, ಗೀಚುತ್ತಲೂ ಇದ್ದ. ಆಗ ಪೆನ್ಸಿಲ್ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಅಷ್ಟರಲ್ಲಿ ಮಕ್ಕಳ ಒಂದು ದಂಡು ಬಂದು ಚಾಪೆ ತುಳಿಯಿತು. ಮರದ ಮನುಷ್ಯ ಎದ್ದ, ಗುಂಡಿ ಮುಟ್ಟಿಕೊಂಡ, ಕುಂಯ್ ಎಂದು ಕೂತ. ಒಬ್ಬ ಹುಡುಗಿ ಬೊಂಬೆಯ ಹಾಗೆಯೇ ಅಣಕಿಸಿ ತೋರಿಸಿದಳು. ಅವನು ಬೇರೆ ಕಡೆ ಮುಖ ತಿರುಗಿಸಿದ.

ಆ ಕುಂಯ್ ಸದ್ದಿಗೆ ಒಂದೇ ತೊಟ್ಟು ಎಣ್ಣೆ ಸಾಕಿತ್ತು. ಇಡೀ ಸಭಾಂಗಣದಲ್ಲಿ ಅವನು ಎಣ್ಣೆ ಹಾಕದ ಯಂತ್ರವೆಂದರೆ ಅದೊಂದೇ. ಮರಕ್ಕೆ ಎಣ್ಣೆ ಇಳಿದರೆ ಕಲೆಯಾಗುತ್ತದೆ ಎಂದು ಕೇಳಿದವರಿಗೆ ಹೇಳುತ್ತಿದ್ದ. ತನ್ನ ಮಂಡಿಗೆ ತಾನೇ ಎಣ್ಣೆ ತಿಕ್ಕಿ, ಹೋಗಪ್ಪ, ಇನ್ನೂ ಚೆನ್ನಾಗಿ ನಗಿಸಿಕೊಂಡು ಬಾ ಎಂದು ಕಳಿಸಿದ ಹಾಗಾಗುತ್ತದೆ ಎಂಬ ನಿಜ ಯಾರಿಗೂ ಹೇಳುವಂಥದ್ದಲ್ಲ.

ಹಿಂದೆ ಅವನು ಲಿಫ್ಟುಗಳ ರಿಪೇರಿಯವನು. ಎತ್ತರದ ಕಟ್ಟಡಗಳ ಕತ್ತಲೆ ಬಾವಿಗಳಲ್ಲಿ ತಂತಿ ಹಿಡಿದು ನಿಂತಾಗ ಮೇಲೆ ಕೆಳಗೆ ಹೋಗುವವರಿಗೆ ಅವನಿದ್ದಾನೆಂಬುದೇ ಗೊತ್ತಿರಲಿಲ್ಲ, ಅದು ಸುಖವಾಗಿತ್ತು. ಆ ಕಂಪನಿ ಮುಚ್ಚಿತು. ತಿಂಗಳುಗಟ್ಟಲೆ ಮನೆಯ ಕಿಟಕಿಯಲ್ಲಿ ಕೂತು ಬೀದಿ ನೋಡುತ್ತಿದ್ದವನ ಮುಂದೆ ಒಂದು ಮಧ್ಯಾಹ್ನ ಶಿಲ್ಪಿ ಬಂದು ಕೂತ. ಕೂತವನು ಮಾತು ಶುರು ಮಾಡಲಾರದೆ ಲೋಟ ತಿರುಗಿಸಿದ. "ಭಾವ, ತೊಂದ್ರೆ ಆಗಲ್ಲ ಅಂದ್ರೆ… ನನ್ನ ಬೊಂಬೆಗಳನ್ನ ಸ್ವಲ್ಪ ನೋಡ್ಕೋತೀರಾ? ನಾನು ಮಾಡ್ತೀನಿ, ನಡೆಸಕ್ಕೆ ಬರಲ್ಲ." ಎಷ್ಟು ಮೆತ್ತಗೆ ಕೇಳಿದ! ಭಿಕ್ಷೆ ಹಾಕುವವರು ಮೆತ್ತಗೇ ಹಾಕುತ್ತಾರೆ. ಅಡುಗೆಮನೆಯಿಂದ ಹೆಂಡತಿ ಇಣುಕಿ ನೋಡಿದ್ದಳು. ಅಣ್ಣ ತಂಗಿ ಮೊದಲೇ ಮಾತಾಡಿಕೊಂಡು ಬಂದದ್ದು ಎಂದು ಆಗಲೇ ಅನ್ನಿಸಿತ್ತು. ಆಗ ಮಾತಾಡಿಕೊಂಡೇ ಹಾಕಿದರು, ಈಗ ಮಾತಾಡಿಕೊಂಡೇ ತೆಗೆಯುತ್ತಾರೆ. ಕೆಲಸ ಹೋದರೆ ಹೋಗಲಿ, ಮೊದಲೂ ಒಮ್ಮೆ ಹೋಗಿದೆ. ಆದರೆ ಈ ಮನೆಯಲ್ಲಿ ತಾನು ಯಾರು? ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗೆ, ಭಾವ ಅಲ್ಲ, ತಂಗಿಯ ಗಂಡ. ನೆಂಟನೂ ಅಲ್ಲ, ಆಳೂ ಅಲ್ಲ. ಅದು ತೀರ್ಮಾನವಾಗಿಬಿಡುತ್ತದೆ ಎಂಬುದೇ ಅವನ ಹೆದರಿಕೆ.

ಇರಲಾರದೆ ಶಿಲ್ಪಿಯ ಕೋಣೆಗೆ ಹೋದ. ನೆಪಕ್ಕೆ ಮೀನಿನ ಹಳೆ ಬೆಲ್ಟನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಕೋಣೆಯ ತುಂಬ ಮರದ ಸಿಪ್ಪೆಯ ವಾಸನೆ. ಗೋಡೆಗೆ ತೂಗುಹಾಕಿದ ಕೈಗಳು, ಕಾಲುಗಳು, ಇನ್ನೂ ಮೈ ಸಿಗದ ಒಂದು ತಲೆ. ಮೇಜಿನ ಹಿಂದೆ ಏನನ್ನೋ ಅರದಿಂದ ಉಜ್ಜುತ್ತಿದ್ದ ಶಿಲ್ಪಿ ಅವನನ್ನು ಕಂಡದ್ದೇ ಅರ ಬಿಟ್ಟು ಕುರ್ಚಿಯಿಂದ ಸೊಂಟ ಎತ್ತಿದ. ಪೂರ್ತಿ ಏಳಲಿಲ್ಲ. ಏಳಲು ಹೋದವನು ಏನೋ ನೆನಪಾದ ಹಾಗೆ ಅರ್ಧಕ್ಕೆ ತಡೆದು, ಮೇಜಿನ ಅಂಚು ಹಿಡಿದು, ಮತ್ತೆ ಕೂತ. ಅವನ ಮೈ ಉರಿದುಹೋಯಿತು. ಎದುರಿಗೇ ಅಣಕಿಸುತ್ತಾನಲ್ಲ! ಮೊದಲೂ ಎಷ್ಟೋ ಸಲ ಹೀಗೆ ಮಾಡಿದ್ದ. ತಾನು ಅವನ ಮನೆಗೆ ಹೋದಾಗ, ದಾರಿಯಲ್ಲಿ ಬೆಂಚಿನ ಮೇಲೆ ಕೂತಿದ್ದಾಗ, ಆಸ್ಪತ್ರೆಯಲ್ಲಿ ಮಾವನ ಮಂಚದ ಪಕ್ಕದಲ್ಲಿದ್ದಾಗಲೂ. ಸತ್ತು ಹೋಗುವವರ ಮುಂದೆಯೂ ಈ ತಮಾಷೆ ಬಿಡದವನು ಎಂದು ಆಗಲೂ ಹಲ್ಲು ಕಚ್ಚಿಕೊಂಡಿದ್ದ.

"ಬನ್ನಿ ಭಾವ. ಏನಾದ್ರೂ ಕೈಕೊಡ್ತಾ?"

"ಮೀನಿನ ಬೆಲ್ಟು ಸವೆದಿದೆ ಭಾವ. ಹೊಸದು ಹಾಕ್ಬೇಕು." ತುಸು ತಡೆದು, "ಹಳೇದನ್ನ ತೆಗೆದುಬಿಡೋದೇ ವಾಸಿ ಅಲ್ವಾ?" ಎಂದು ಮುಖ ನೋಡಿದ.

ಶಿಲ್ಪಿಯ ಮುಖ ಕೆಂಪಾಯಿತು, ಅಥವಾ ಕಿಟಕಿಯ ಬೆಳಕು ಹಾಗೆ ಬಿದ್ದಿತ್ತು. "ನಿಮಗೆ ಹೇಗೆ ಅನ್ಸತ್ತೋ ಹಾಗೆ. ತೊಂದ್ರೆ ಆಗಲ್ಲ ಅಂದ್ರೆ ಒಂದೆರಡು ದಿನದಲ್ಲಿ ಹಾಕಿ." ಅರ ಕೈಗೆತ್ತಿಕೊಂಡು ಮತ್ತೆ ಇಟ್ಟ. "ಭಾವ, ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕಿತ್ತು. ಈಗ ಬೇಡ. ಮಧ್ಯಾಹ್ನ ಕಲಾಶಾಲೆಯ ಮೇಷ್ಟ್ರುಗಳು ಬರ್ತಿದಾರೆ, ಅವರು ಹೋಗ್ಲಿ, ಆಮೇಲೆ."

"ಈಗಲೇ ಹೇಳ್ಬಹುದು."

"ಇಲ್ಲ ಇಲ್ಲ, ನಿಧಾನಕ್ಕೆ. ನೀವು ಬೇಜಾರು ಮಾಡ್ಕೋಬಾರ್ದು."

ಬೇಜಾರು ಮಾಡಿಕೊಳ್ಳಬಾರದು ಎಂದು ಯಾವ ಸಂತೋಷದ ಸುದ್ದಿಗೆ ಹೇಳುತ್ತಾರೆ? ಅವನು ಬೆಲ್ಟನ್ನು ಮುಷ್ಟಿಗೆ ಸುತ್ತಿಕೊಂಡು ಟಿಕೆಟ್ ಕಿಟಕಿಗೆ ಬಂದ. ಜನ ಕಡಿಮೆಯಾಗಿದ್ದರು. ಹೆಂಡತಿ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು.

"ಬಾಗಿಲ ಹತ್ರ ಕೂತಿದೆಯಲ್ಲ ಬೊಂಬೆ, ಅದರ ಮೇಲೆ ಧೂಳಿದೆ. ಒರೆಸು ಅಂತ ಗುಡಿಸೋಳಿಗೆ ಹೇಳ್ಬೇಕು. ಏನಂತ ಹೇಳ್ತೀಯ?"

"ಏನಂತ ಅಂದ್ರೆ? ಒರೆಸು ಅಂತೀನಿ."

"ಏನನ್ನ ಒರೆಸು ಅಂತೀಯ?"

"ಭಾವನ್ನ ಒರೆಸು ಅಂತೀನಿ." ಅವಳು ಕನ್ನಡಕ ಹಾಕಿಕೊಂಡು ಅವನನ್ನು ನೋಡಿದಳು. "ಯಾಕ್ರೀ, ಮೈ ಸರಿ ಇದೆ ತಾನೆ?"

ಅಷ್ಟಕ್ಕೆ ಸಮಾಧಾನವಾಗಬೇಕಿತ್ತು. ಹಾಗಾದರೆ ಬೊಂಬೆಗೂ ಇವರು ಭಾವನ್ನ ಎಂದೇ ಅನ್ನುತ್ತಾರೆ, ಬೆಳಿಗ್ಗೆಯ ಮಾತು ಬೊಂಬೆಯದೇ ಇರಬಹುದು. ಆದರೆ ಯೋಚಿಸಿದಷ್ಟೂ ಅದು ಇನ್ನೊಂದು ಕಡೆಯಿಂದ ಚುಚ್ಚಿತು. ಮೀನನ್ನು ಅದು ಎನ್ನುತ್ತಾರೆ, ರಾಜನನ್ನೂ ಅದು ಎನ್ನುತ್ತಾರೆ. ಇದೊಂದಕ್ಕೆ ಮಾತ್ರ ಮನುಷ್ಯರ ಪ್ರತ್ಯಯ ಯಾಕೆ? ಮನುಷ್ಯ ಎಂದು ಗೊತ್ತಿರುವುದರಿಂದ. ಯಾರೆಂದೂ ಗೊತ್ತಿರುವುದರಿಂದ. ಅಲ್ಲದೆ ಅವಳು ಒಂದು ಕ್ಷಣವೂ ತಡವರಿಸದೆ ಉತ್ತರ ಕೊಟ್ಟಳು. ಸುಳ್ಳು ಹೇಳುವವರೇ ಅಷ್ಟು ಬೇಗ ಹೇಳುವುದು. ಪಕ್ಕದ ಹಾಸಿಗೆಯಲ್ಲಿ ಇಷ್ಟು ವರ್ಷ ಮಲಗಿದವಳು, ಅವನಿಗೆ ಜ್ವರ ಬಂದರೆ ತಾನು ಅನ್ನ ಬಿಡುವವಳು, ಪರದೆಯ ಹಿಂದೆ ಕಿಸಕ್ಕೆಂದ ಹುಡುಗಿಯೇ ಅಲ್ಲವೇ?

ಊಟದ ಹೊತ್ತಿಗೆ ಸಭಾಂಗಣ ಬರಿದಾಯಿತು. ಗುಡಿಸುವಾಕೆ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂತಳು. ಅವನು ಭಾವನ ಕುರ್ಚಿಯ ಹಿಂದಿನ ಹಲಗೆ ಸರಿಸಿ ಒಳಗೆ ತೂರಿದ. ಎಂದೂ ಬಾರದ ಜಾಗ. ಒಳಗೆ ಎಲ್ಲ ಸರಳವಾಗಿತ್ತು: ಮೊಟ್ಟೆಯಾಕಾರದ ಒಂದು ಮರದ ಚಕ್ರ, ಅದರ ಮೇಲೆ ಒರಗಿದ ಸನ್ನೆಕೋಲು, ಸನ್ನೆಕೋಲಿನ ತುದಿಯಿಂದ ಸೊಂಟಕ್ಕೆ ಹೋಗುವ ಕಬ್ಬಿಣದ ಸರಳು, ಎರಡನ್ನೂ ಸೇರಿಸಿ ಹಿಡಿದದ್ದು ಒಂದು ಪುಟ್ಟ ಪಿನ್ನು. ಕೈಯನ್ನು ಗುಂಡಿಗೆ ಒಯ್ಯುವ ತಂತಿ ಬೇರೆ. ಇಷ್ಟು ಸುಲಭವಾಗಿ ಒಬ್ಬನನ್ನು ಏಳಿಸಿ ಕೂರಿಸುತ್ತಾರಲ್ಲ ಎಂದು ಅವನಿಗೆ ಅಳು ಬಂದ ಹಾಗಾಯಿತು. ಮೊದಲು ಕೆಟ್ಟ ಯೋಚನೆಯೇ ಬಂದದ್ದು. ಸನ್ನೆಕೋಲು ಮುರಿದುಹಾಕಲೇ? ಆದರೆ ಮುರಿಯುವುದಕ್ಕೆ ಕೈ ಬರಲಿಲ್ಲ, ಹುಟ್ಟು ರಿಪೇರಿಯವನ ಕೈ. ಪಿನ್ನನ್ನು ಇಕ್ಕುಳದಿಂದ ಹಿಡಿದು ಎಳೆದ. ಹಲ್ಲು ಕಿತ್ತಂತೆ ಬಂತು. ಜೇಬಿಗೆ ಹಾಕಿಕೊಂಡ. ತೆಗೆಯುವುದೇ ಆದರೆ ಏಳಿಸಿ ಕೂರಿಸಿ ನಗಾಡಿ ತೆಗೆಯುವುದು ಬೇಡ. ಕೂತವನನ್ನು ಕೂತ ಹಾಗೆಯೇ ತೆಗೆಯಲಿ.

ಹೊರಗೆ ಬಂದು ಚಾಪೆ ತುಳಿದು ನೋಡಿದ. ಚಕ್ರ ತಿರುಗಿದ ಸದ್ದು ಬಂತು. ಮರದ ಮನುಷ್ಯ ಕುರ್ಚಿ ಬಿಟ್ಟು ಕದಲಲಿಲ್ಲ. ಕೈ ಮಾತ್ರ ಆರಾಮವಾಗಿ ಎದ್ದು ಕೋಟಿನ ಗುಂಡಿಯನ್ನು ಸವರಿ ಮತ್ತೆ ತೊಡೆಯ ಮೇಲೆ ಬಂತು, ಬಂದಿದ್ದೀರಾ, ಬನ್ನಿ, ಅದಕ್ಕೇನೀಗ ಎನ್ನುವ ಹಾಗೆ. ಅವನಿಗೆ ಖುಷಿಯಾಯಿತು. ಎಷ್ಟೋ ದಿನದ ಮೇಲೆ ಎದೆಯಲ್ಲಿ ಏನೋ ಸಡಿಲವಾಯಿತು. ಇನ್ನೊಮ್ಮೆ ತುಳಿದ. ಮತ್ತೂ ಒಮ್ಮೆ ತುಳಿದ.

"ಏನ್ ಎಣ್ಣೆ ಮೇಷ್ಟ್ರೇ, ನೀವೂ ಆಟ ಆಡ್ತಿದೀರಾ?" ಎಂದಳು ಮೆಟ್ಟಿಲಿನಿಂದ ಗುಡಿಸುವಾಕೆ. "ಅಯ್ಯೋ, ಇವತ್ತು ಭಾವನಿಗೆ ಏನಾಗಿದೆ? ಸೊಕ್ಕು ಬಂದಿದ್ಯಾ?"

ಕಲಾಶಾಲೆಯ ಮೇಷ್ಟ್ರುಗಳು ಗುಂಪಾಗಿ ಬಂದರು. ಶಿಲ್ಪಿ ಬಾಗಿಲಿಗೇ ಹೋಗಿ ಕರೆದುಕೊಂಡು ಬಂದ. ಮುಂದೆ ಅವನೇ ಇದ್ದುದರಿಂದ ಚಾಪೆಯ ಮೇಲೆ ಮೊದಲು ಬಿದ್ದದ್ದು ಅವನ ಕಾಲೇ. ನಗುವುದಕ್ಕೆ ಸಿದ್ಧವಾಗಿದ್ದ ಮುಖಗಳು ಬೊಂಬೆಯ ಕಡೆ ತಿರುಗಿದವು. ಕೈ ಎದ್ದಿತು, ಗುಂಡಿ ಸವರಿತು, ಇಳಿಯಿತು. ಅಷ್ಟೇ. ಯಾರೂ ನಗಲಿಲ್ಲ. ಒಬ್ಬ ಮೇಷ್ಟ್ರು, "ಇದು ಅರ್ಧ ಏಳತ್ತೆ ಅಂತ ಕೇಳಿದ್ದೆ" ಎಂದರು. ಇನ್ನೊಬ್ಬರು, "ಇಲ್ಲಪ್ಪ, ಹೀಗೇ ಚೆನ್ನಾಗಿದೆ. ಘನತೆ ಇದೆ" ಎಂದರು. ಶಿಲ್ಪಿ ಚಾಪೆಯಿಂದ ಇಳಿದು ಮತ್ತೆ ಹತ್ತಿದ. ಬೊಂಬೆ ಕೂತೇ ಇತ್ತು. ಕುರ್ಚಿಯ ಹಿಂದಿನ ಹಲಗೆ ಒಂದು ಬೆರಳಷ್ಟು ಸರಿದದ್ದನ್ನು ನೋಡಿದ. ಆಮೇಲೆ ಕಂಬದ ಪಕ್ಕದಲ್ಲಿ ಎಣ್ಣೆಯ ಡಬ್ಬಿ ಹಿಡಿದು ನಿಂತ ಅವನ ಕಡೆ ನೋಡಿದ. ಅವನು ಕಣ್ಣು ತಗ್ಗಿಸಲಿಲ್ಲ. ಏನಾದರಾಗಲಿ, ಇವತ್ತು ತಗ್ಗಿಸುವುದಿಲ್ಲ ಎಂದುಕೊಂಡಿದ್ದ.

"ಸರಿ ಭಾವ," ಎಂದ ಮೆಲ್ಲಗೆ. "ಅರ್ಥ ಆಯ್ತು."

ಮೇಷ್ಟ್ರುಗಳನ್ನು ರಾಜನ ಬೊಂಬೆಯ ಕಡೆಗೆ ಕರೆದುಕೊಂಡು ಹೋದ. ಅರ್ಥವಾಯಿತು ಎಂದರೆ ಮುಗಿಯಿತು ಎಂದೇ. ಅವನು ಕೆಲಸ ಮುಂದುವರಿಸಿದ. ಕಾಗೆಯ ಛತ್ರಿಯ ಕಡ್ಡಿ ನೆಟ್ಟಗೆ ಮಾಡಿದ, ಮುದುಕಿಯ ಸೂಜಿಗೆ ಹೊಸ ದಾರ ಹಾಕಿದ. ನಾಳೆ ಇವುಗಳನ್ನು ಮುಟ್ಟುವವರು ಯಾರೋ, ಮುದುಕಿಯ ಮೊಣಕೈ ಎಡಕ್ಕೆ ತಿರುಚಿದರೆ ನಿಂತುಬಿಡುತ್ತದೆ ಎಂದು ಅವರಿಗೆ ಯಾರು ಹೇಳುತ್ತಾರೋ ಎಂದು ದುಃಖವಾಯಿತು. ಜನ ಬಂದು ಹೋದರು. ಭಾವ ಯಾರಿಗೂ ಏಳಲಿಲ್ಲ.

ಸಂಜೆ ಟಿಕೆಟ್ ಕಿಟಕಿ ಮುಚ್ಚಿ ಹೆಂಡತಿ ಹೊರಗೆ ಬಂದಳು. ಬಂದವಳು ಚಾಪೆಯ ಮೇಲೆ ನಿಂತು ಬೊಂಬೆಯನ್ನು ನೋಡಿ, ಅವನನ್ನು ನೋಡಿದಳು.

"ಇದು ನಿಮ್ಮ ಕೈ ಕೆಲಸ ತಾನೆ?"

"ಹೌದು. ಬೆಳಿಗ್ಗೆ ನೀವಿಬ್ಬರೂ ಮಾತಾಡಿದ್ದು ಕೇಳಿಸ್ಕೊಂಡೆ." ಅವನು ಜೇಬಿನಲ್ಲಿದ್ದ ಪಿನ್ನನ್ನು ಮುಟ್ಟಿಕೊಂಡ. "ತೆಗೆಯೋದಾದ್ರೆ ತೆಗೀರಿ. ಆದ್ರೆ ಇಷ್ಟು ವರ್ಷ ನನ್ನನ್ನ ಬಾಗಿಲಲ್ಲಿ ಕೂರಿಸಿ ಊರವರ ಕೈಲಿ ನಗಿಸಿದ್ದು ಸಾಕು. ನಿನಗೂ ಗೊತ್ತಿತ್ತು. ಅವತ್ತು ಪರದೆ ಹಿಂದೆ ನೀನೂ ನಕ್ಕಿದ್ದೆ."

"ಯಾವ ಪರದೆ? ಯಾರನ್ನ ಕೂರಿಸಿದ್ದು?" ಅವಳಿಗೆ ನಿಜವಾಗಿಯೂ ತಿಳಿಯಲಿಲ್ಲ. ತಿಳಿದಾಗ ಅವಳ ಕೈ ಬಾಯಿಗೆ ಹೋಯಿತು. "ಇದು ನೀವು ಅಂದ್ಕೊಂಡಿದೀರಾ? ಅಯ್ಯೋ ದೇವರೇ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ!"

"ಮತ್ತೆ ಯಾರು?"

"ಅಣ್ಣ ಕಣ್ರೀ. ಅವನೇ. ನೀವು ಬಂದಾಗೆಲ್ಲ ಅವನು ಏಳಕ್ಕೆ ಹೋಗಿ ಅರ್ಧಕ್ಕೆ ನಿಲ್ಲಲ್ವಾ, ಯಾವತ್ತೂ ನೋಡಿಲ್ವಾ ನೀವು? ತಂಗಿ ಗಂಡ ಬಂದ್ರು ಅಂತ ಏಳ್ತಾನೆ. ತಾನೇ ಕೆಲಸ ಕೊಟ್ಟಿರೋದು, ಈಗ ಎದ್ರೆ ನಾಟಕ ಅಂದ್ಕೋತಾರೇನೋ ಅಂತ ಮತ್ತೆ ಕೂತ್ಕೋತಾನೆ. ಕೂತ್ರೆ ಯಜಮಾನಿಕೆ ತೋರಿಸಿದ ಹಾಗೆ, ಎದ್ರೆ ಅಣಕಿಸಿದ ಹಾಗೆ. ಭಾವನ ಮುಂದೆ ನಾನು ಯಾವತ್ತೂ ಅರ್ಧ ಮನುಷ್ಯ ಕಣೇ ಅಂತ ನಗ್ತಾ ನಗ್ತಾನೇ ಮಾಡಿದ್ದು ಇದನ್ನ. ಹೆಸರು ಏನಿಡ್ಲಿ ಅಂತ ಕೇಳಿದ. ಅವರು ನಿನ್ನ ಏನಂತ ಕರೀತಾರೋ ಅದನ್ನೇ ಇಡು ಅಂದೆ ನಾನು. ನೀವು ಅವನಿಗೆ ಭಾವ ಆದ್ರೆ ಅವನು ನಿಮಗೆ ಭಾವ ಅಲ್ವಾ?"

ಅವನು ಬೊಂಬೆಯ ಕಡೆ ತಿರುಗಿ ನೋಡಿದ.

"ಮತ್ತೆ ಯಾಕೆ ತೆಗೆಯೋದು?"

"ನೀವು ಅದಕ್ಕೊಂದಕ್ಕೆ ಎಣ್ಣೆ ಹಾಕ್ತಿರ್ಲಿಲ್ಲ. ಕಿರಗುಡ್ಲಿ, ಜನ ಇನ್ನಷ್ಟು ನಗ್ಲಿ ಅಂತ ಬೇಕಂತಲೇ ಬಿಟ್ಟಿದೀರಿ, ಭಾವನಿಗೆ ನನ್ನ ಕಂಡ್ರೆ ಅಸಡ್ಡೆ ಅಂತ ಅವನ ಕೊರಗು. ಸಾಕಪ್ಪ ಸಾಕು, ನಿಮ್ಮಿಬ್ಬರದು. ಹೋಗಿ ಮಾತಾಡಿ." ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

ಅವನು ಸಭಾಂಗಣದ ಉದ್ದಕ್ಕೂ ನಡೆದ. ನಿಂತುಹೋದ ಬೊಂಬೆಗಳ ನಡುವೆ ತನ್ನ ಹೆಜ್ಜೆ ತನಗೇ ಕೇಳಿಸುತ್ತಿತ್ತು. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಸುಖ, ನಂಬಲಾರದಂಥ ಸುಖ. ಹಾಗಾದರೆ ಒಬ್ಬ ಮನುಷ್ಯ ಇಷ್ಟು ವರ್ಷ ತನಗಾಗಿ ಏಳುತ್ತಿದ್ದ. ಕೆಲಸ ಕಳೆದುಕೊಂಡು ಕಿಟಕಿಯಲ್ಲಿ ಕೂತ ದಿನ ಲೋಟ ತಿರುಗಿಸುತ್ತಿದ್ದವನು, ತಾನು ಕಿಟಕಿ ಬಿಟ್ಟು ಎದ್ದಾಗ ಹಾಗೇ ಅರ್ಧ ಎದ್ದಿದ್ದನಲ್ಲ. ಬೆಂಚಿನ ಮೇಲೆ. ಆಸ್ಪತ್ರೆಯಲ್ಲಿ, ಸಾಯುತ್ತಿರುವ ತಂದೆಯ ಕೈ ಹಿಡಿದುಕೊಂಡೇ. ಇವತ್ತು ಬೆಳಿಗ್ಗೆ, ಅರ ಬಿಟ್ಟು. ಲಿಫ್ಟಿನ ಬಾವಿಯಲ್ಲಿ ಯಾರಿಗೂ ಕಾಣದೆ ನಿಂತವನಿಗೆ, ಸರಪಳಿ, ಪಿನ್ನು, ಬೆಲ್ಟು ಎಂದು ಜಿಡ್ಡಿನಲ್ಲಿ ಹೊರಳುವವನಿಗೆ, ಜಗತ್ತಿನಲ್ಲಿ ಒಬ್ಬ ಏಳುತ್ತಿದ್ದ. ಒಂದು ಸಲವೂ ಅದನ್ನು ನೆಟ್ಟಗೆ ನೋಡಿರಲಿಲ್ಲ. ಈಗ ನೋಡಬೇಕು. ಗೊತ್ತಿದ್ದು ನೋಡಬೇಕು. ಅವನು ಏಳಲು ಹೊರಟಾಗ ಹತ್ತಿರ ಹೋಗಿ ಭುಜ ಹಿಡಿದು, ಕೂತ್ಕೊಳ್ಳಿ ಭಾವ, ನನಗ್ಯಾಕೆ ಏಳ್ತೀರಿ ಎನ್ನಬೇಕು. ಆ ಮಾತನ್ನು ದಾರಿಯಲ್ಲೇ ಎರಡು ಬಾರಿ ತುಟಿಯಲ್ಲಿ ಆಡಿಕೊಂಡ. ಬಾಗಿಲ ಬಳಿ ನಿಂತು, ಅಂಗಿಯ ಗುಂಡಿ ಸರಿಮಾಡಿಕೊಂಡು, ಒಳಗಿನವನಿಗೆ ಕೇಳಿಸುವ ಹಾಗೆ ಕೆಮ್ಮಿ, ತಳ್ಳಿದ.

ಶಿಲ್ಪಿ ಮೇಜಿನ ಹಿಂದೆ ಕೂತಿದ್ದ. ತಲೆ ಎತ್ತಿ ನೋಡಿದ.

"ಬನ್ನಿ ಭಾವ," ಎಂದ.

ಕುರ್ಚಿ ಕದಲಲಿಲ್ಲ. ಅವನು ಬಾಗಿಲಲ್ಲೇ ನಿಂತ.

"ನಾನೇ ಬರೋಣ ಅಂತಿದ್ದೆ," ಎಂದ ಶಿಲ್ಪಿ. ಮುಖ ಹಗುರಾಗಿತ್ತು, ಬಹಳ ದಿನದ ಹಲ್ಲುನೋವು ನಿಂತವನ ಹಾಗೆ. ಎರಡೂ ಕೈ ಕುರ್ಚಿಯ ತೋಳಿನ ಮೇಲಿದ್ದವು. "ಬೊಂಬೆ ತೆಗೆದುಬಿಡೋಣ ಅಂತಿದ್ದೆ ಭಾವ. ನೀವು ಒಂದು ಪಿನ್ನು ತೆಗೆದು ಎಲ್ಲ ಮುಗಿಸಿದ್ರಿ. ಚಾಪೆ ಮೇಲೆ ನಿಂತಾಗ ಮೊದಲು ಕೋಪ ಬಂತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ನಿಮ್ಮ ಮುಖ ನೋಡಿದೆ. ಕಣ್ಣಿಗೆ ಕಣ್ಣಿಟ್ಟು ನೋಡ್ತಿದ್ರಿ. ಕೂತ್ಕೋ ಮಾರಾಯ, ನನಗಾಗಿ ಎಷ್ಟು ಅಂತ ಎದ್ದು ಕೂತು ಸಾಯ್ತೀಯ ಅಂತ ಹೇಳಿದ ಹಾಗಿತ್ತು. ನನ್ನ ಬಾಯಲ್ಲಿ ಬರದೇ ಇದ್ದ ಮಾತು ನೀವು ಹೇಳಿದ್ರಿ. ನನಗೆ ಎಷ್ಟು ಹಗುರಾಯ್ತು ಗೊತ್ತಾ?"

ಅಲ್ಲ ಎನ್ನಬೇಕಿತ್ತು. ಅಲ್ಲ ಎಂದರೆ ಏನಾಗಿತ್ತು ಎಂದೂ ಹೇಳಬೇಕಾಗುತ್ತಿತ್ತು. ಜೇಬಿನಲ್ಲಿ ಪಿನ್ನಿನ ತುದಿ ಅಂಗೈಗೆ ಒತ್ತುತ್ತಿತ್ತು.

"ಬೇಕಾದ್ರೆ ಪಿನ್ನು ಮತ್ತೆ ಹಾಕ್ತೀನಿ ಭಾವ," ಎಂದ. "ಎಣ್ಣೆನೂ ಹಾಕ್ತೀನಿ. ಸದ್ದು ಬರಲ್ಲ."

"ಬೇಡ ಬೇಡ. ಹಾಗೇ ಕೂತಿರ್ಲಿ." ಶಿಲ್ಪಿ ನಕ್ಕ, ಕಾಲು ಚಾಚಿದ, ಅರ ಎತ್ತಿಕೊಂಡ. "ನಾಳೆ ಬೆಳಿಗ್ಗೆ ಬಂದ ತಕ್ಷಣ ಮೀನಿನ ಬೆಲ್ಟು ಹಾಕಿಬಿಡಿ. ತಡ ಮಾಡ್ಬೇಡಿ."

"ಆಗ್ಲಿ," ಎಂದ ಅವನು. ಹೋಗಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಈಗ ತಾನೆ ಬಂದವನ ಹಾಗೆ ಮತ್ತೆ ಮುಂದೆ ಬಂದು ನಿಂತ. ಅರ ಮರವನ್ನು ಉಜ್ಜುತ್ತಿತ್ತು.

ಶಿಲ್ಪಿ ತಲೆ ಎತ್ತಿದ. "ಇನ್ನೇನಾದ್ರೂ ಇದ್ಯಾ?"

"ಏನಿಲ್ಲ," ಎಂದು ಅವನು ಬಾಗಿಲು ಎಳೆದುಕೊಂಡ.